ಎಳೆಯ ಬೆನ್ನು ಹಿಡಿದು

ಅಮೂರ್ತ ಚಿತ್ರವೊಂದರ ಎದುರು ಮೊದಲ ಬಾರಿಗೆ ನಿಂತ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸಹೃದಯನು, ಗಂಧದ ಕೊರಡಿನಲ್ಲಿ ಆನೆಯ ಸೊಂಡಿಲಿನ ಸುಕ್ಕನ್ನೂ ತಪ್ಪದೆ ಮೂಡಿಸುವ ಗುಡಿಗಾರರ ಕೌಶಲವನ್ನು ಕಂಡು ಬೆಳೆದವನಾದುದರಿಂದ, ಇದು ಯಾವುದರ ಚಿತ್ರವೆಂದು ಕೇಳುವುದು ಸಹಜವೇ; ಆದರೆ ಅದೇ ಸಹೃದಯನು ದೀವರ ಮನೆಯ ಮದುವೆಯಲ್ಲಿ ಹಸೆಗೋಡೆಯ ಚಿತ್ತಾರವನ್ನು ನೋಡುವಾಗ ಆ ಪ್ರಶ್ನೆಯನ್ನು ಎತ್ತಿದವನಲ್ಲ. ಆದುದರಿಂದ ಕಣ್ಣಿನ ಅಭ್ಯಾಸವು ಅಲ್ಲಿಂದಲೇ ಆರಂಭವಾಗಲಿ.

ಕೆಮ್ಮಣ್ಣು ಬಳಿದ ಗೋಡೆ; ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ; ಕುಂಚವೋ, ಪುಂಡಿನಾರಿನ ಒಂದು ಸಣ್ಣ ಕಟ್ಟು. ಹೆಂಗಸರು ಹಾಡಿಕೊಳ್ಳುತ್ತ ಎಳೆದ ಎಳೆಗಳು ಒಂದರ ಮಗ್ಗುಲಲ್ಲೊಂದು ಸಾಗಿ, ಒಂದನ್ನೊಂದು ಹಾಯ್ದು, ಜಾಲರಿಯಾಗಿ ನಿಲ್ಲುತ್ತವೆ. ನಡುವಣ ವಧೂವರರ ಗೊಂಬೆಗಳು ಸಹ ಕೆಲವೇ ಗೆರೆಗಳಿಗೆ ಇಳಿದ ಮಾನವಾಕೃತಿಗಳು. ಮೊದಲು ಒಂದೇ ಒಂದು ಎಳೆಯನ್ನು ಆಯ್ದುಕೊಂಡು, ಅದು ತೊಡಗಿದೆಡೆಯಿಂದ ಮುಗಿಯುವವರೆಗೆ ಕಣ್ಣಿನಿಂದ ಹಿಂಬಾಲಿಸಿರಿ. ಕೈ ಎಲ್ಲಿ ಅರೆಕ್ಷಣ ನಿಂತಿತು, ನಾರು ಎಲ್ಲಿ ಒಣಗಿತು ಎಂಬುದು ತಿಳಿಯುವುದು. ಆಮೇಲೆ ಎರಡು ಎಳೆಗಳ ನಡುವೆ ಉಳಿದ ಕೆಂಪನ್ನು ನೋಡಿರಿ. ಬರೆಯದೆ ಬಿಟ್ಟ ಆ ಕೆಂಪೂ ಬರೆದುದರಷ್ಟೇ ವಿಚಾರಪೂರ್ವಕವಾದುದೆಂಬ ಅರಿವು ಮೂಡಿದೊಡನೆ ಅಮೂರ್ತಕಲೆಯ ಬಾಗಿಲು ತೆರೆಯಿತೆಂದೇ ತಿಳಿಯತಕ್ಕದ್ದು.

ಈ ಕಣ್ಣನ್ನು ಹೊತ್ತು ಆಗುಂಬೆ ಘಟ್ಟವನ್ನಿಳಿದವರಿಗೆ ಕೆ. ಕೆ. ಹೆಬ್ಬಾರರು ಅಪರಿಚಿತರಾಗಲಾರರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸಮಾಡಿದ ಅವರು, ಲಯದ ಮರ್ಮವನ್ನರಿಯಲೆಂದು ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಮೈ ಕರಗಿ ಚಲನೆಯೊಂದೇ ಉಳಿಯುವುದು ಆ ಕಲಿಕೆಯ ಫಲವೆಂದು ನನ್ನ ನಂಬಿಕೆ. ಅವರು ಆಕೃತಿಯನ್ನು ಪೂರ್ಣವಾಗಿ ತೊರೆದವರಲ್ಲ; ಮೂರ್ತದಿಂದ ಅಮೂರ್ತದತ್ತ ಹೆಜ್ಜೆಹೆಜ್ಜೆಯಾಗಿ ನಡೆದವರು. ಹೊಸಬರಿಗೆ ಅವರಿಗಿಂತ ಉತ್ತಮ ಗುರುವನ್ನು ನಾನು ಕಾಣೆ.

ಇಂತಹ ಚಿತ್ರಗಳಿಗೆ ಆಶ್ರಯವಿತ್ತವರ ಸ್ಮರಣೆಯೂ ರಸಿಕನ ಪಾಠದಲ್ಲಿ ಸೇರಿದ್ದೇ. ಸ್ವತಃ ಚಿತ್ರ ಬರೆಯುತ್ತಿದ್ದ ವಿಜ್ಞಾನಿ ಹೋಮಿ ಭಾಭಾ ಅವರು, 1945ರಲ್ಲಿ ಸ್ಥಾಪಿತವಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗಾಗಿ ಹುಸೇನ್, ಗಾಯ್ತೊಂಡೆ, ಹೆಬ್ಬಾರ ಮೊದಲಾದವರ ಕೃತಿಗಳನ್ನು ಸಂಗ್ರಹಿಸಿ, ಗಣಿತಜ್ಞರು ದಿನವೂ ಹಾದುಹೋಗುವ ಗೋಡೆಗಳ ಮೇಲೆ ತೂಗಿಸಿದರು; ಉದ್ಯಮಿ ಎಚ್. ಕೆ. ಕೇಜರಿವಾಲರು ತಮ್ಮ ಸಂಗ್ರಹವನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಒಪ್ಪಿಸಿದರು. ಚಿತ್ರವು ಒಂದೇ ನೋಟಕ್ಕೆ ಮನಸ್ಸನ್ನು ಬಿಚ್ಚುವುದಿಲ್ಲ. ಅದರೊಡನೆ ವರ್ಷಗಟ್ಟಲೆ ಬಾಳಿದವನಿಗೆ, ಬೆಳಗಿನ ಬಿಸಿಲಿನಲ್ಲೊಂದು, ಮಳೆಗಾಲದ ಮಬ್ಬಿನಲ್ಲೊಂದು ರೂಪವನ್ನು ಅದು ತೋರುತ್ತದೆ.

ಚಿತ್ತಾರವು ಈಗ ಕಾಗದ, ಬಟ್ಟೆಗಳಿಗೂ ಇಳಿದಿದೆ. ಬರೆದ ಕೈಗೆ ತಕ್ಕ ಬೆಲೆ ಕೊಟ್ಟು ಒಂದನ್ನು ಮನೆಗೆ ತನ್ನಿರಿ. ಜಗಲಿಯಲ್ಲಿ ಕುಳಿತಾಗ ಕಣ್ಣಿಗೆ ನೇರವಾಗುವಷ್ಟು ಎತ್ತರದಲ್ಲಿ ಅದನ್ನು ತೂಗಿಸಿರಿ.