ತಾಲೀಮಿನ ಚೆಂಡು

ಕೊಲ್ಹಾಪುರದ ಫುಟ್ಬಾಲ್ ತಂಡಗಳು ಹುಟ್ಟಿದ್ದು ಕುಸ್ತಿಯ ತಾಲೀಮುಗಳ ಮಗ್ಗುಲಲ್ಲಿ. ಪಾಟಾಕಡೀಲ, ಖಂಡೋಬಾ, ದಿಲಬಹಾರ, ಬಾಲಗೋಪಾಲ ಇವೆಲ್ಲ ಮೊದಲು ಗರಡಿಮನೆಗಳು, ಆಮೇಲೆ ತಂಡಗಳು. ಶಾಹು ಮಹಾರಾಜರ ಆಶ್ರಯದಲ್ಲಿ ಕುಸ್ತಿ ಹುಲುಸಾಗಿ ಬೆಳೆದ ಊರಿದು. 1912ರ ಖಾಸಬಾಗ ಮೈದಾನ ಅದಕ್ಕೆ ಸಾಕ್ಷಿ. ಕೆಮ್ಮಣ್ಣಿನಲ್ಲಿ ಸಾಮು ಮಾಡುತ್ತಿದ್ದ ಪೇಠಗಳ, ಅಂದರೆ ಕೇರಿಗಳ, ಹುಡುಗರು ಚೆಂಡಿಗೂ ಕಾಲು ಕೊಟ್ಟರು. 1940ರಲ್ಲಿ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಅದರ ಲೀಗ್ ಇಂದಿಗೂ ಶಾಹು ಸ್ಟೇಡಿಯಂನಲ್ಲಿ ನಡೆಯುತ್ತದೆ.

ಇಂಗ್ಲೆಂಡಿನಲ್ಲೂ ಕ್ಲಬ್ಬುಗಳು ಹೀಗೆಯೇ ಬೇರೊಂದರ ಆಸರೆಯಲ್ಲಿ ಬೆಳೆದವು. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರ ತಂಡ. ಆರ್ಸೆನಲ್ 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯವರದು. ಆದರೆ ಆರ್ಸೆನಲ್ 1913ರಲ್ಲಿ ಥೇಮ್ಸ್ ದಾಟಿ ಹೈಬರಿಗೆ ಹೋಯಿತು, ಕಾರ್ಖಾನೆಯ ನಂಟು ಹಿಂದುಳಿಯಿತು. ತಾಲೀಮಿನ ತಂಡ ಹಾಗೆ ಮನೆ ಬಿಟ್ಟು ಹೋಗಿಲ್ಲ. ಭಾದ್ರಪದದಲ್ಲಿ ಗಣಪತಿ ಕೂರಿಸುವವರು, ಕೆಲವು ತಾಲೀಮುಗಳಲ್ಲಿ ಮೊಹರಮ್ಮಿನ ಪಂಜಾ ಕೂರಿಸುವವರು, ಆಟಗಾರರ ಬೂಟಿಗೆ ಪಟ್ಟಿ ಎತ್ತುವವರು ಒಂದೇ ಓಣಿಯ ಜನ. ಗ್ಯಾಲರಿಯಲ್ಲಿ ಆಗಾಗ ಕೈಕೈ ಮಿಲಾಯಿಸುವುದಕ್ಕೂ ಇದೇ ಮೂಲ: ಪೇಠದ ಹಟ ಆಟಕ್ಕಿಂತ ಹಳೆಯದು. ಪೊಲೀಸರ ಬಂದೋಬಸ್ತಿಲ್ಲದೆ ದೊಡ್ಡ ಪಂದ್ಯ ಶುರುವಾಗುವುದಿಲ್ಲ. ಅದು ಶೋಭೆಯ ಮಾತಲ್ಲ.

ಫ್ರಾಂಚೈಸಿ ಪಂಥದವರು ಈ ಓಣಿಯ ನಂಟನ್ನು ಹಳ್ಳಿತನ ಎನ್ನುತ್ತಾರೆ. ಅವರ ಲೆಕ್ಕವನ್ನೂ ನೋಡಬೇಕು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಜೊತೆಗೇ ಹುಟ್ಟಿದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಬಾಗಿಲು ಮುಚ್ಚಿತು. ಅದರ ಜಾಗ ಹೈದರಾಬಾದಿನ ಪಾಲಾಯಿತು. ವಿಂಬಲ್ಡನ್ನಿನ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ಅದೇ ವರ್ಷ ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ತಂಡ ಕಟ್ಟಿದರು. ಪಾಟಾಕಡೀಲವನ್ನು ಮಾರಿ ಇನ್ನೊಂದು ಊರಿಗೆ ಒಯ್ಯುವ ಮಾತೇ ಹುಟ್ಟಲಾರದು, ಏಕೆಂದರೆ ಅದರ ಒಡೆಯ ಯಾರೋ ಒಬ್ಬನಲ್ಲ.

ತಾಲೀಮಿನ ಮಿತಿ ಬೇರೆ ಕಡೆ ಇದೆ. ಅದು ಪ್ರೇಕ್ಷಕರನ್ನು ಕೊಡುತ್ತದೆ, ಶಿಸ್ತಿನ ತರಬೇತಿಯನ್ನಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರ ಆಡಿದ ಕೊಲ್ಹಾಪುರದ ಅನಿಕೇತ ಜಾಧವ ಪಳಗಿದ್ದು ಪುಣೆಯ ಕ್ರೀಡಾ ಪ್ರಬೋಧಿನಿಯಲ್ಲಿ. ಅದೇ ಜಿಲ್ಲೆಯ ಗಡಹಿಂಗ್ಲಜದಲ್ಲೂ ಫುಟ್ಬಾಲಿನ ಹುಚ್ಚಿಗೆ ಕೊರತೆಯಿಲ್ಲ. ದೀಪಾವಳಿಯ ಪಂದ್ಯಾವಳಿಗೆ ಹೊರಗಿನ ತಂಡಗಳೂ ಬರುತ್ತವೆ. ಆದರೂ ಆಟವನ್ನೇ ಬದುಕು ಮಾಡಿಕೊಳ್ಳಬೇಕೆನ್ನುವ ಈ ಭಾಗದ ಹುಡುಗ ಹತ್ತು ಹನ್ನೆರಡರ ವಯಸ್ಸಿಗೇ ಗಂಟುಮೂಟೆ ಕಟ್ಟಬೇಕಾಗುತ್ತದೆ.