ಕೋಟದವರನ್ನು ಕೇಳಿದ ರೀತಿ

ಪುಣೆಯ ಸುತ್ತಮುತ್ತ ಕೌನ್ಸೆಲಿಂಗ್ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಎರಡನೆಯ ವರ್ಷಕ್ಕೆ ಬಂದಕೂಡಲೇ ಒಂದು ಜ್ವರ ಬರುತ್ತದೆ. ಅದರ ಹೆಸರು ಡಿಸರ್ಟೇಶನ್. ಜನರ ಕಷ್ಟ ಕೂತು ಕೇಳಬೇಕು ಅಂತ ಈ ಓದಿಗೆ ಬಂದವರು, ಸಂಶೋಧನೆ ಅಂದಕೂಡಲೇ ಕೇಳುವುದನ್ನು ಬಿಟ್ಟು ಗೂಗಲ್ ಫಾರ್ಮನ್ನು ವಾಟ್ಸಾಪಿಗೆ ಹಾಕುತ್ತಾರೆ. ನೂರು ಉತ್ತರ ಬಂದರೆ ಉಸ್ಸಪ್ಪಾ ಅನ್ನುತ್ತಾರೆ. ಅಂಥವರಿಗೆ ನಾನು ಮೊದಲು ಕೈಗೆ ಕೊಡುವುದು ಮೆಥಡಾಲಜಿಯ ಪಠ್ಯವನ್ನಲ್ಲ, ಹಳೆಯ ಪುಸ್ತಕವೊಂದನ್ನು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. ಪ್ರಕಟವಾದದ್ದು 1976ರಲ್ಲಿ.

ಕೋಟ ಅಂದರೆ ಬೇರೆ ಯಾವುದೋ ಕೋಟ ಅಲ್ಲ, ನಮ್ಮ ಶಿವರಾಮ ಕಾರಂತರು ಹುಟ್ಟಿದ ಕೋಟವೇ. ಆಗಿನ ದಕ್ಷಿಣ ಕನ್ನಡ, ಈಗ ಉಡುಪಿ ಜಿಲ್ಲೆ. ಕಾರ್‌ಸ್ಟೇರ್ಸ್ ಎಡಿನ್‌ಬರೊದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅದಕ್ಕೂ ಮೊದಲು ರಾಜಸ್ಥಾನದ ಹಳ್ಳಿಯಲ್ಲಿದ್ದು ‘ದಿ ಟ್ವೈಸ್ ಬಾರ್ನ್’ ಬರೆದವರು. ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸಿಗೆ ಬಂದರು. ಇವರು ಕೋಟವನ್ನು ಆರಿಸಿಕೊಂಡದ್ದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅಲ್ಲಿ ಬ್ರಾಹ್ಮಣರು, ಬಂಟರು, ಮೊಗವೀರರು ಒಂದೇ ಊರಲ್ಲಿದ್ದರು. ಬ್ರಾಹ್ಮಣರದು ತಂದೆಯಿಂದ ಮಗನಿಗೆ ಹೋಗುವ ಕ್ರಮ, ಉಳಿದಿಬ್ಬರದು ಅಳಿಯಕಟ್ಟು. ಅಳಿಯಕಟ್ಟು ಸಡಿಲವಾಗುತ್ತಿದ್ದ ಕಾಲ ಅದು. ಕುಟುಂಬದ ಕಟ್ಟೇ ಬದಲಾಗುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ವಿಷಯ ಸಿಗುತ್ತಿಲ್ಲ ಎಂದು ಗೋಳಾಡುವವರು ಇದನ್ನು ಗಮನಿಸಬೇಕು. ಪ್ರಶ್ನೆ ಊರಿನ ಒಳಗಿಂದ ಹುಟ್ಟಿದೆ, ಗ್ರಂಥಾಲಯದ ಕಪಾಟಿನಿಂದ ಅಲ್ಲ.

ಪುಸ್ತಕದ ನಿಜವಾದ ಬೆಲೆ ಇರುವುದು ಅದರ ಸಾಧನದಲ್ಲಿ. ಪಶ್ಚಿಮದ ಪ್ರಶ್ನಾವಳಿಯನ್ನು ಎತ್ತಿ ತಂದು ಕನ್ನಡದ ಬಟ್ಟೆ ತೊಡಿಸುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಇಲ್ಲಿಯ ಜನರಿಗೆ ಹೊಂದುವಂಥ ಸಂದರ್ಶನದ ಪಟ್ಟಿಯನ್ನೇ ಹೊಸದಾಗಿ ಕಟ್ಟಿದರು. ಅದರ ಬಗೆಗಿನ ಲೇಖನ 1974ರಲ್ಲಿ ಬಂತು. ಅದರಲ್ಲಿ ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರರ ಪಾಲೂ ಇದೆ. ಮೈನೋವು, ಸುಸ್ತು, ಉರಿ ಎಂದು ಹೇಳಿಕೊಳ್ಳುವವರ ಮಾತಿಗೆ ಅದರಲ್ಲಿ ಜಾಗವಿತ್ತು. ರೋಗಿಯೊಬ್ಬರನ್ನೇ ಅಲ್ಲ, ಮನೆಯವರನ್ನೂ ಕೇಳುತ್ತಿದ್ದರು. ಮೈಮೇಲೆ ಬರುವುದನ್ನೂ ಅಧ್ಯಯನದೊಳಗೆ ತಂದರು.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಕರಾವಳಿಯದೇ ಒಂದು ಮಾತು ತಗೊಳ್ಳಿ: ಮಂಡೆಬಿಸಿ. ಊರಿನವರಿಗೆ ಅದು ತಾಪತ್ರಯ, ತಲೆನೋವಿನ ವ್ಯವಹಾರ. ಹೊರಗಿನ ವಿದ್ಯಾರ್ಥಿ ಅದನ್ನು ಅಕ್ಷರಶಃ ಹಿಡಿದು ‘ತಲೆಯಲ್ಲಿ ಶಾಖದ ಅನುಭವ’ ಎಂಬ ಕಾಲಮ್ಮಿನಲ್ಲಿ ಗುರುತು ಹಾಕಿದರೆ ಅಲ್ಲಿಗೆ ಒಂದು ರೋಗಲಕ್ಷಣ ಹುಟ್ಟಿಬಿಟ್ಟಿತು. ಅದೇ ಕಲಬುರಗಿಯವರು ‘ತಲಿ ಕೆಟ್ಟದ’ ಅಂದರೆ ಅದು ಸಿಟ್ಟೂ ಆಗಬಹುದು, ಬೇಸರವೂ ಆಗಬಹುದು. ‘ಖಿನ್ನತೆ’ ಅನ್ನುವ ಪದವನ್ನಂತೂ ಪತ್ರಿಕೆಯ ಹೊರಗೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ನಾನಿರುವ ತಳೇಗಾಂವ ದಾಭಾಡೆಯಲ್ಲಿ ಇದು ದಿನದ ಸಮಸ್ಯೆ. ಎಂಐಡಿಸಿ ಬೆಳೆದಂತೆ ಕಟ್ಟಡಗಳು ಎದ್ದವು, ಕಟ್ಟಡಗಳ ಹಿಂದೆ ನಮ್ಮ ಕಡೆಯ ಜನ ಬಂದರು. ಜನರಲ್ ಮೋಟರ್ಸ್ 2020ರ ಡಿಸೆಂಬರಿನಲ್ಲಿ ಇಲ್ಲಿ ಕಾರು ಕಟ್ಟುವುದನ್ನು ನಿಲ್ಲಿಸಿದಾಗ ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಏನಾಯಿತು ಅನ್ನುವುದೇ ಒಂದು ಕೋಟದಷ್ಟು ದೊಡ್ಡ ವಿಷಯ. ಪರಿಚಯದ ವಿದ್ಯಾರ್ಥಿನಿಯೊಬ್ಬಳಿಗೆ ದುಭಾಷಿಯಾಗಿ ನಾನು ಒಂದು ಕಾರ್ಮಿಕರ ಶೆಡ್ಡಿಗೆ ಹೋಗಿದ್ದೆ. ಅವಳ ಕೈಯಲ್ಲಿ ಪಿಎಚ್‌ಕ್ಯೂ-9 ಇತ್ತು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಮೊದಲನೆಯದು ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ ಅನ್ನುವುದು. ಅಫಜಲಪುರ ಕಡೆಯ ಹೆಂಗಸು ನನ್ನ ಮುಖ ನೋಡಿದಳು. “ಆಸಕ್ತಿ ಅಂದ್ರ ಏನ್ರಿ? ಕೆಲ್ಸ ಅದ, ಮಾಡ್ತೀವಿ.” ಹಾಳೆಯಲ್ಲಿ ಅದು ಸೊನ್ನೆ. ಎರಡು ವಾರ ಅಂದರೆ ಅವಳು ಬಟವಡಿಯಿಂದ ಬಟವಡಿಗೆ ಎಣಿಸಿದಳು. ಎಲ್ಲ ಮುಗಿದು ನಾವು ಏಳುವಾಗ, ಊರಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದ ಮಗಳ ಮಾತು ತೆಗೆದಳು. ಫಾರ್ಮು ಆಗಲೇ ಚೀಲ ಸೇರಿತ್ತು.

ಪಿಎಚ್‌ಕ್ಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಅವಸರದಲ್ಲಿ ಅದು ಕೆಲಸಕ್ಕೆ ಬರುತ್ತದೆ. ಆದರೆ ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಅದಕ್ಕೆ ‘ಹೂಂ’ ಎಂಬ ಉತ್ತರ ಬಂದರೆ ಮುಂದೇನು ಎಂದು ತಿಳಿಯದೆ ಅದನ್ನು ವಾಟ್ಸಾಪಿನಲ್ಲಿ ಹರಿಬಿಡುವುದು ಸಂಶೋಧನೆಯಲ್ಲ. ಕನಿಷ್ಠ ಟೆಲಿ ಮಾನಸ್‌ನ 14416 ಸಂಖ್ಯೆಯಾದರೂ ಹಾಳೆಯ ಕೆಳಗೆ ಇರಲಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕೋಟದ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಚಿಕಿತ್ಸಕರ ಭಾಗ. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಂದು ಊರೇ ಮಾಡಿಕೊಂಡಿದ್ದ ವಿಂಗಡಣೆಯನ್ನು ಇವರು ಒಪ್ಪಿಕೊಂಡು ಹೊರಟರು. ಜನ ಡಾಕ್ಟರ ಹತ್ತಿರವೂ ಹೋಗುತ್ತಿದ್ದರು, ಪಾತ್ರಿಯ ಹತ್ತಿರವೂ ಹೋಗುತ್ತಿದ್ದರು. ಅದರಲ್ಲಿ ಅವರಿಗೇನೂ ವಿರೋಧಾಭಾಸ ಕಂಡಿರಲಿಲ್ಲ. ನಮ್ಮ ವಿದ್ಯಾರ್ಥಿಗಳು ‘ಮೂಢನಂಬಿಕೆಯಿಂದಾಗಿ ಚಿಕಿತ್ಸೆ ತಡ’ ಎಂಬ ವಾಕ್ಯವನ್ನು ಹಾಳೆ ತುಂಬುವ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ.

ಹೊಗಳಿದ್ದು ಸಾಕು. ಕೋಟದ ಪುಸ್ತಕ ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಕೇಳಿದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ನಡುವೆ ಎಲ್ಲೋ ದನಿ ತೆಳುವಾಗಿದೆ. ಕೋಷ್ಟಕಗಳು ಜಾತಿಗಳನ್ನು ಹೋಲಿಸುತ್ತವೆ, ಆದರೆ ಒಬ್ಬ ಮೊಗವೀರ ಹೆಂಗಸು ತನ್ನ ಸಂಕಟವನ್ನು ಯಾವ ಪದದಲ್ಲಿ ಹೇಳಿದಳು ಅನ್ನುವುದು ನನ್ನಂಥ ಓದುಗನಿಗೆ ಬೇಕು. ಸಮೀಕ್ಷೆಗೆ ಅದು ಬೇಡದಿರಬಹುದು. ಕೌನ್ಸೆಲಿಂಗ್ ಕಲಿಯುವವರಿಗೆ ಅದೇ ಮುಖ್ಯ.

ಅದೇ 1976ರಲ್ಲಿ ಕನ್ನಡಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಕವಿತೆಗಲ್ಲ, ಮನಸ್ಸಿನ ಕಾಯಿಲೆಗಳ ಕುರಿತ ‘ಮನಮಂಥನ’ಕ್ಕೆ. ಬರೆದವರು ಡಾಕ್ಟರ್ ಎಂ. ಶಿವರಾಂ, ಅಂದರೆ ‘ಕೊರವಂಜಿ’ಯ ರಾಶಿ. ನಗೆಪತ್ರಿಕೆ ನಡೆಸಿದ ವೈದ್ಯ ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದು ಪ್ರಶಸ್ತಿ ಪಡೆದ ಸಂಗತಿ ಇವತ್ತಿಗೆ ನಂಬಲಿಕ್ಕೂ ಕಷ್ಟ. ಕೋಟದ ಪುಸ್ತಕಕ್ಕಿರುವ ಮಾದರಿ ಮತ್ತು ಶಿಸ್ತನ್ನು ರಾಶಿಯವರಲ್ಲಿ ಹುಡುಕಬಾರದು. ಕನ್ನಡದ ವಾಕ್ಯದಲ್ಲೇ ಯೋಚಿಸಿದ ಧೈರ್ಯ ಅವರದು. ಒಂದೇ ವರ್ಷ, ಒಂದೇ ನಾಡು, ಎರಡು ಪುಸ್ತಕ. ಒಂದರ ಪಕ್ಕ ಒಂದನ್ನಿಟ್ಟು ಓದಿಸುವ ತರಗತಿಯನ್ನು ನಾನಿನ್ನೂ ಕಂಡಿಲ್ಲ.

ಇನ್ನು ಫಲಿತಾಂಶ ಅಳೆಯುವ ವಿಷಯ. ಸ್ಕೋರು ಮೊದಲು 18 ಇತ್ತು, ಎಂಟು ಭೇಟಿಯ ನಂತರ 6 ಆಯಿತು, ಗುಣವಾಯಿತು ಎಂದು ಬರೆಯುವವರು ತ್ರಿವೇಣಿಯವರ ‘ಶರಪಂಜರ’ ಓದಲಿ, ಓದಲಾಗದಿದ್ದರೆ ಪುಟ್ಟಣ್ಣನವರ 1971ರ ಸಿನಿಮಾ ನೋಡಲಿ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವತ್ತು ಯಾರಾದರೂ ಅಳೆದಿದ್ದರೆ ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಅವಳನ್ನು ಮತ್ತೆ ಬೀಳಿಸಿದ್ದು ಮನೆಯವರ, ನೆರೆಯವರ ಕಣ್ಣು. ಆ ಕಣ್ಣನ್ನು ಅಳೆಯುವ ಪ್ರಶ್ನಾವಳಿ ಕಾವೇರಿಯ ಕೈಗೆ ಕೊಡುವಂಥದ್ದಲ್ಲ, ಅವಳ ಗಂಡನ ಕೈಗೆ ಕೊಡುವಂಥದ್ದು. ಮನೆಯವರನ್ನೂ ಕೇಳಬೇಕು ಎಂದ ಕೋಟದ ಸಂಶೋಧಕರಿಗೆ ಇದು ಅರ್ಥವಾಗಿತ್ತು ಅನಿಸುತ್ತದೆ.

ವಿದ್ಯಾರ್ಥಿಗೆ ಆರು ತಿಂಗಳಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೋಟ ಆಗುವುದಿಲ್ಲ, ನಿಜ. ಆದರೆ ನೂರು ಫಾರ್ಮಿನ ಬದಲು ಆರು ಜನರ ಮಾತನ್ನು ಒಪ್ಪಿಗೆ ಪಡೆದು ಅವರದೇ ನುಡಿಯಲ್ಲಿ ಬರೆದುಕೊಂಡು, ಆ ಬರಹವನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಂಡು ಬರಬಹುದು. ಗುಣಾತ್ಮಕ ಸಂಶೋಧನೆಯಲ್ಲಿ ಇದಕ್ಕೆ ಜಾಗ ಇದೆ; ಗೈಡುಗಳಿಗೆ ಒಪ್ಪಿಸುವುದಷ್ಟೇ ಕಷ್ಟ. ನನ್ನ ಜೊತೆ ಶೆಡ್ಡಿಗೆ ಬಂದಿದ್ದ ಹುಡುಗಿ ಈಗ ಪದಪಟ್ಟಿ ಮಾಡುತ್ತಿದ್ದಾಳೆ: ಬ್ಯಾಸರ, ಸಂಕಟ, ಎದಿ ಹಾರೂದು, ಜೀವ ತಡಿಯಂಗಿಲ್ಲ. ‘ಟೆನ್ಶನ್’ ಅನ್ನುವುದಕ್ಕೆ ಒಂದು ಪುಟ ಬೇರೆಯೇ ಬಿಟ್ಟಿದ್ದಾಳಂತೆ, ಅದು ಮರಾಠಿಯವರಿಗೂ ಕನ್ನಡದವರಿಗೂ ಒಂದೇ ಪದ, ಅರ್ಥ ಮಾತ್ರ ಮನೆಗೊಂದು.