ಕೊನೆಯ ಸಾಲಿನ ಕಿವಿ

"ಹಾಡೋರು ಛಲೋ ಹಾಡ್ಲತ್ಯಾರ್ರಿ, ಖರೆ ಬಾಕ್ಸ್ ಎದಿಗಿ ಒದಿಲತ್ತದ."

ಊರಿನ ಉದ್ಯಾನದಲ್ಲಿ ಸಂಗೀತ ಉತ್ಸವ ನಡೆದಿದ್ದ ಒಂದು ಸಂಜೆ ಬೇಲಿಯ ಪಕ್ಕ ಕಂಬಳಿ ಹಾಸಿ ಕೂತಿದ್ದ ಹಿರಿಯರೊಬ್ಬರು ಹೇಳಿದ ಮಾತಿದು. ವೇದಿಕೆಯ ಮೇಲೆ ಪೂರಿಯಾ ಧನಾಶ್ರೀ ನಡೆದಿತ್ತು, ವಿಲಂಬಿತ ಏಕತಾಲದಲ್ಲಿ. ಅವರ ಬಲಗೈ ಮೊಳಕಾಲ ಮೇಲಿತ್ತು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ಹೆಬ್ಬೆರಳು ಒಂದೊಂದೇ ಗೆಣ್ಣು ಮುಟ್ಟುತ್ತ ಹನ್ನೆರಡು ಮಾತ್ರೆ ಮುಗಿಸಿ ಮತ್ತೆ ಕಿರುಬೆರಳ ಬುಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ಗಾಯಕರು ಸಮ್‌ಗೆ ಬರುತ್ತಿದ್ದರು. ಆಗ ಇವರ ತಲೆ ಒಂದಿಷ್ಟೇ ಆಡುತ್ತಿತ್ತು. ಅಷ್ಟು ಲೆಕ್ಕ ಇಟ್ಟು ಕೇಳುತ್ತಿದ್ದ ಮನುಷ್ಯ ಅರ್ಧಕ್ಕೇ ಎದ್ದು, ಕಂಬಳಿ ಝಾಡಿಸಿ, ಮನೆಗೆ ಹೋದರು.

ಅಂದಿನಿಂದ ಬಯಲಿನ ಕಛೇರಿಗೆ ಹೋದಾಗಲೆಲ್ಲ ನಾನು ಕೊನೆಯ ಸಾಲಿನಲ್ಲೇ ಕೂಡುತ್ತೇನೆ. ಮುಂದಿನ ಸೋಫಾದಲ್ಲಿ ಕೂತವರು ಕರೆಸಿಕೊಂಡು ಬಂದವರು, ಕೊನೆಗೆ ಕೂತವರು ತಾವಾಗಿ ಬಂದವರು. ಉತ್ಸವ ಊರಿಗೆ ಮುಟ್ಟಿತೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಇಂಥ ಉತ್ಸವ ಮುಗಿದ ಮರುದಿನ ಚಹಾದ ಅಂಗಡಿಯಲ್ಲಿ ಕೂತರೆ ಊರಿನ ಅಭಿಪ್ರಾಯ ಒಂದೇ ಇಲ್ಲವೆಂಬುದು ತಿಳಿಯುತ್ತದೆ. ಒಬ್ಬರಿಗೆ ಇಷ್ಟು ದೊಡ್ಡ ಕಲಾವಿದರು ನಮ್ಮೂರಿಗೆ ಬಂದರಲ್ಲ ಎಂಬ ಹೆಮ್ಮೆ. ಇನ್ನೊಬ್ಬರಿಗೆ ಮಗಳ ಪರೀಕ್ಷೆಯ ಚಿಂತೆ. ಸಂಜೆಯೆಲ್ಲ ಕಿಟಕಿಯ ಗಾಜು ನಡುಗಿದ ಸಿಟ್ಟು. ಮೂರನೆಯವರು "ಭಾಷಣ ಭಾಳ ಆಯ್ತು, ಹಾಡು ಕಮ್ಮಿ ಆಯ್ತು" ಅನ್ನುತ್ತಾರೆ. ಸಂಘಟಕರು ಮೊದಲನೆಯ ಮಾತನ್ನು ಪತ್ರಿಕೆಗೆ ಕೊಡುತ್ತಾರೆ, ಉಳಿದ ಎರಡನ್ನು ತಕರಾರೆಂದು ಬದಿಗಿಡುತ್ತಾರೆ. ನನ್ನ ಪ್ರಕಾರ ಆ ಎರಡೂ ಸಂಗೀತದ ಬಗ್ಗೆ ಕಾಳಜಿ ಇರುವ ಮಾತುಗಳೇ. ಈ ನೆಲದವರಿಗೆ ಕೇಳುವುದು ಹೊಸ ವಿದ್ಯೆಯಲ್ಲ.

ಎಷ್ಟು ಹಳೆಯದು ಎಂಬುದಕ್ಕೆ ಕಲ್ಯಾಣದಲ್ಲೇ ದಾಖಲೆ ಇದೆ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಅದಕ್ಕೆ ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ನಾಲ್ಕನೆಯದು ವಿನೋದ ವಿಂಶತಿ. ಗೀತ, ವಾದ್ಯ, ನೃತ್ಯ ಮೂರೂ ಅದರಲ್ಲಿವೆ. ಆ ಹೆಸರೇ ನನಗೆ ಮುಖ್ಯ. ಅರಸ ಸಂಗೀತವನ್ನು 'ವಿನೋದ'ದಲ್ಲಿ ಸೇರಿಸಿದ್ದಾನೆ ಎಂದರೆ ಹಾಡುವವನ ವಿದ್ಯೆಯ ಜೊತೆಗೆ ಕೇಳುವವನ ಸುಖವನ್ನೂ ಶಾಸ್ತ್ರದ ವಿಷಯ ಮಾಡಿದ್ದಾನೆ. ಅವನ ಮಗ ಎರಡನೆಯ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ 'ಸಂಗೀತ ರತ್ನಾಕರ' ಬರೆಯುವಾಗ ಈ ತಂದೆ ಮಗ ಇಬ್ಬರನ್ನೂ ಹಿಂದಿನ ಆಚಾರ್ಯರ ಸಾಲಿನಲ್ಲಿ ನೆನೆದ.

ಅರಮನೆಯ ಒಳಗೇ ಮುಗಿದ ಕಥೆಯೂ ಇದಲ್ಲ. ಕಾಕತೀಯ ಗಣಪತಿದೇವನ ಸೇನಾನಿ ಜಾಯಪ ತನ್ನ 'ನೃತ್ತರತ್ನಾವಳಿ'ಯಲ್ಲಿ ಗೊಂಡಲಿ ಎಂಬ ಕುಣಿತದ ಮೂಲ ಹೇಳುವಾಗ ಕಲ್ಯಾಣದ ಭೂತಮಾತೃ ಉತ್ಸವವನ್ನೂ, ಭಿಲ್ಲ ಹೆಣ್ಣಿನ ವೇಷದ ಕುಣಿತವನ್ನು ರೂಪಿಸಿದ ಸೋಮೇಶ್ವರನನ್ನೂ ನೆನೆಯುತ್ತಾನೆ. ಜನರ ಜಾತ್ರೆಯಲ್ಲಿ ಕಂಡದ್ದು ಶಾಸ್ತ್ರಗ್ರಂಥಕ್ಕೆ ಏರಿತು. ಜಾತ್ರೆ ಮತ್ತು ಶಾಸ್ತ್ರದ ನಡುವೆ ಗೋಡೆ ಕಟ್ಟಿದವರು ನಾವು, ಆಮೇಲೆ ಬಂದವರು.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಆ ಗೋಡೆ ಇಂದಿಗೂ ಇಲ್ಲ. ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ. ನೆಲೆ ನಿಂತದ್ದು ವಿರಜಾ ಮತ್ತು ಗುರುಗಂಗಾ ಕೂಡುವಲ್ಲಿ, ಸಮಾಧಿಸ್ಥರಾದದ್ದು 1865ರಲ್ಲಿ. ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯ ಅವರದು. ಕನ್ನಡ, ಮರಾಠಿ, ಹಿಂದಿ ಹೀಗೆ ಹಲವು ನುಡಿಗಳಲ್ಲಿ ಪದ ಕಟ್ಟಿದರು. ಮಾರ್ಗಶಿರ ಶುದ್ಧದಲ್ಲಿ ದತ್ತ ಜಯಂತಿಗೆ ಅಲ್ಲಿ ದರ್ಬಾರು ನಡೆಯುತ್ತದೆ, ಸಂಗೀತಗಾರರು ಬಂದು ಸೇವೆ ಸಲ್ಲಿಸುತ್ತಾರೆ.

ಬೀದರ್ ಸೀಮೆಯ ಡಿಸೆಂಬರ್ ಚಳಿ ಗೊತ್ತಿದ್ದವರಿಗೆ ಗೊತ್ತು. ಹೊರಗೆ ಹೊಲದಲ್ಲಿ ಬಿಳಿಜೋಳ ಮೊಳಕಾಲೆತ್ತರ ಬಂದಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಅಂಥ ರಾತ್ರಿ ಮಫ್ಲರ್ ಸುತ್ತಿಕೊಂಡು ಕೂತವರಲ್ಲಿ ಒಬ್ಬರು ಮರಾಠಿಯಲ್ಲಿ ಪಿಸುಗುಟ್ಟುತ್ತಾರೆ, ಮಗ್ಗುಲಿನವರು ದಖ್ಖನಿಯಲ್ಲಿ ಉತ್ತರ ಕೊಡುತ್ತಾರೆ, ಹಿಂದಿನವರು ಕನ್ನಡದಲ್ಲಿ "ಸುಮ್ನ ಕುಂದುರ್ರಿ" ಅನ್ನುತ್ತಾರೆ. ಒಂದು ಸುಂದರವಾದ ಮೀಂಡ್ ಬಂದಾಗ ಮೂವರ ಬಾಯಿಂದಲೂ ಬರುವುದು ಒಂದೇ ಉದ್ಗಾರ. ಅದು ಚಪ್ಪಾಳೆಯಲ್ಲ. ಚಪ್ಪಾಳೆ ಹಾಡು ಮುಗಿದ ಮೇಲೆ ಬರುತ್ತದೆ, 'ವ್ಹಾ' ಹಾಡಿನ ಒಳಗೇ ಬರುತ್ತದೆ. ಆ ದನಿ ಗಾಯಕರ ಕಿವಿಗೆ ಬಿದ್ದರೆ ಅವರು ಅದೇ ಸ್ವರದ ಸುತ್ತ ಇನ್ನೊಂದು ಸುತ್ತು ಹಾಕುತ್ತಾರೆ. ಹೀಗೆ ಕೇಳುವವರು ರಾಗವನ್ನು ಬೆಳೆಸುತ್ತಾರೆ.

ಭಜನೆಯಲ್ಲಂತೂ ಕೇಳುವವರೇ ಅರ್ಧ ಹಾಡು. ಒಬ್ಬರು ತಂಬೂರಿ ಹಿಡಿದು ಪಲ್ಲವಿ ಎತ್ತುತ್ತಾರೆ; ದಮ್ಮಡಿ, ತಾಳ, ಹಾರ್ಮೋನಿಯಂ ಕೂಡುತ್ತವೆ; ಕೂತವರೆಲ್ಲ ಆ ಸೊಲ್ಲನ್ನು ಹಿಡಿದು ತಿರುಗಿಸಿ ಕೊಡುತ್ತಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದವಾಗಲಿ, ಮೊಹರಂನ ರಿವಾಯತ್ ಪದವಾಗಲಿ, ಸೊಲ್ಲು ಹಿಡಿಯುವವರಿಲ್ಲದೆ ನಿಲ್ಲುವುದಿಲ್ಲ. ಹೀಗೆ ಬೆಳೆದ ಜನರನ್ನು ಉದ್ಯಾನದ ಉತ್ಸವಕ್ಕೆ ಕರೆದು, ಅವರ ಭಜನಾ ಮಂಡಳಿಗೆ ಸಂಜೆ ಆರೂವರೆ ಎಂದು ಹೇಳಿ, ಸನ್ಮಾನಗಳೆಲ್ಲ ಮುಗಿದ ಮೇಲೆ "ಎರಡೇ ಪದ ಹಾಡ್ರಿ" ಅಂದದ್ದನ್ನು ಕಂಡಿದ್ದೇನೆ. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾದಿದ್ದ ಆ ತಾಯಂದಿರು ಎರಡೇ ಪದ ಹಾಡಿ ಇಳಿದರು. ಕೊನೆಯ ಸಾಲು ಅವರ ಜೊತೆ ಸೊಲ್ಲು ಹಿಡಿದಿತ್ತು. ಇಡೀ ಸಂಜೆ ಆ ಬಯಲು ತಾನೂ ಹಾಡಿದ್ದು ಅದೊಂದೇ ಸಲ.

ಇನ್ನು ಎದೆಗೆ ಒದೆಯುವ ಬಾಕ್ಸ್. ಇದು ರುಚಿಯ ಪ್ರಶ್ನೆ ಮಾತ್ರವಲ್ಲ, ಲೆಕ್ಕದ ಪ್ರಶ್ನೆ. ಬಯಲಿನಲ್ಲಿ ಬಾಕ್ಸಿನಿಂದ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯ ಎರಡು ಬದಿಗೆ ದೊಡ್ಡ ಬಾಕ್ಸುಗಳನ್ನು ಪೇರಿಸಿ, 4 ಮೀಟರ್ ದೂರದಲ್ಲಿ 95 ಡೆಸಿಬಲ್ ಬರುವಂತೆ ಇಟ್ಟರೆ 64 ಮೀಟರ್ ಆಚೆಯ ಬೇಲಿಯ ಹತ್ತಿರ ಇನ್ನೂ 71 ಇರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಧ್ವನಿವರ್ಧಕಕ್ಕೆ ಅದರ ಮೇಲೆ 10 ಮಾತ್ರ ಹೆಚ್ಚಿಗೆ ಅವಕಾಶ, ಅಂದರೆ 65. ಕಿಟಕಿಯ ಗಾಜಿನ ಬಗ್ಗೆ ಸಿಟ್ಟಾದ ತಂದೆಯ ಮಾತು ನ್ಯಾಯವಾದದ್ದೇ.

ಪರಿಹಾರ ಕಷ್ಟದ್ದಲ್ಲ. ಎರಡು ಗೋಪುರಗಳ ಬದಲು ಇಪ್ಪತ್ತು ಮೀಟರಿಗೊಂದರಂತೆ ಸಣ್ಣ ಬಾಕ್ಸು ಇಡಬೇಕು, ಒಂದೊಂದರ ದನಿಯೂ ಹತ್ತಿರದವರಿಗೆ ಮುಟ್ಟುವಷ್ಟೇ ಇರಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅದಕ್ಕೆ ತಕ್ಕಂತೆ ಹಿಂದಿನ ಬಾಕ್ಸುಗಳನ್ನು ಚೂರು ತಡ ಮಾಡಿದರೆ ದನಿ ಎರಡಾಗುವುದಿಲ್ಲ. ಆಗ ಮುಂದಿನವರ ಎದೆ ಉಳಿಯುತ್ತದೆ, ಹಿಂದಿನವರಿಗೆ ತಂಬೂರಿಯ ಜವಾರಿ ಕೇಳಿಸುತ್ತದೆ, ಬೇಲಿಯಾಚೆಯ ಮನೆಯಲ್ಲಿ ಓದು ನಡೆಯುತ್ತದೆ.

ಅದೇ ನಿಯಮ ರಾತ್ರಿ ಹತ್ತಕ್ಕೆ ಬಯಲಿನ ಧ್ವನಿವರ್ಧಕ ನಿಲ್ಲಿಸಬೇಕೆನ್ನುತ್ತದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಇದರಿಂದ ಸಂಗೀತ ಕಳೆದುಕೊಂಡದ್ದು ಕಡಿಮೆಯೇನಲ್ಲ. ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಒಂದು ಕಾಲಕ್ಕೆ ಬೆಳಗಿನವರೆಗೆ ನಡೆಯುತ್ತಿತ್ತು. ಈಗ ರಾತ್ರಿಗೇ ಮುಗಿಯುತ್ತದೆ. ಮಾಲಕಂಸ, ದರ್ಬಾರಿ ಕಾನಡಾಗಳನ್ನು ಅವುಗಳ ಹೊತ್ತಿನಲ್ಲಿ ಬಯಲಲ್ಲಿ ಕೇಳುವ ಭಾಗ್ಯ ವಿರಳವಾಯಿತು. ನನಗೂ ಅದರ ನೋವಿದೆ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ನಿದ್ದೆಗಿಂತ ನನ್ನ ಮಾಲಕಂಸ ದೊಡ್ಡದೆಂದು ವಾದಿಸಲಾರೆ.

ಹತ್ತಕ್ಕೆ ಮುಚ್ಚಿದ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ ಎಂಬುದನ್ನು ನಮ್ಮ ಸಂಘಟಕರು ನೆನಪಿಡಬೇಕು. ಉದ್ಯಾನದ ನಿಜವಾದ ಹೊತ್ತು ಅದೇ. ವಾಕಿಂಗಿಗೆ ಬಂದವರು, ಹಾಲು ಹಾಕಿ ಮರಳುವವರು, ಹೊಲಕ್ಕೆ ಹೊರಟವರು ಎಲ್ಲ ಅಲ್ಲಿರುತ್ತಾರೆ. ಬಸವಕಲ್ಯಾಣದಲ್ಲಿ ತ್ರಿಪುರಾಂತ ಕೆರೆಯ ಕಡೆಯಿಂದ ತಂಪು ಗಾಳಿ ಬರುವಾಗ ಒಂದು ಭೈರವ, ಬಿಸಿಲು ಏರುವಾಗ ಒಂದು ತೋಡಿ, ಕೊನೆಗೆ ಮಲ್ಲಿಕಾರ್ಜುನ ಮನ್ಸೂರರು, ಸಿದ್ಧರಾಮ ಜಂಬಲದಿನ್ನಿಯವರು ಹಾಕಿಕೊಟ್ಟ ದಾರಿಯಲ್ಲಿ ಎರಡು ವಚನ. ಅದಕ್ಕೂ ಮುನ್ನ, ಹುಶಾರಾದ ಹೊತ್ತಿನಲ್ಲಿ, ಊರಿನ ಭಜನಾ ಮಂಡಳಿಗೆ ಪೂರ್ತಿ ಒಂದು ತಾಸು. ಭಾಷಣ ಹತ್ತು ನಿಮಿಷ ಸಾಕು. ನೆಲಕ್ಕೆ ಜಮಖಾನೆ ಹಾಸಿದರೆ ಸೋಫಾದ ಬಾಡಿಗೆಯೂ ಉಳಿದೀತು.

ಇಷ್ಟೆಲ್ಲ ಒಮ್ಮೆಗೇ ಆಗದಿದ್ದರೆ ಒಂದನ್ನಾದರೂ ಮಾಡಿ. ಮುಂದಿನ ಸಲ ತಂಬೂರಿ ಶ್ರುತಿ ಕೂಡಿದ ಮೇಲೆ, ಗಾಯಕರು ಷಡ್ಜ ಹಚ್ಚುವ ಮೊದಲು, ಸಂಘಟಕರಲ್ಲಿ ಒಬ್ಬರು ವೇದಿಕೆಯಿಂದ ಇಳಿದು ಬೇಲಿಯವರೆಗೆ ನಡೆದು ಹೋಗಲಿ. ಅಲ್ಲಿ ಕಂಬಳಿ ಹಾಸಿ ಕೂತ ಹಿರಿಯರ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೇ ಮಾತು ಕೇಳಲಿ: "ಯಜಮಾನ್ರೆ, ತಂಬೂರಿ ಕೇಳಸ್ಲತ್ತದೇನ್ರಿ?"